ಆ್ಯಪ್ ಬಂತು ಸರಿ, ಲೆಕ್ಕ ಎಲ್ಲಿ?

ನಿಮ್ಮೂರಿನ ಆಶಾ ಅಕ್ಕನ ಫೋನು ಒಂದು ಸಲ ಇಸಕೊಂಡು ನೋಡಿ. ಬಸುರಿಯರಿಗೆ ಒಂದು, ಕ್ಷಯಕ್ಕೆ ಒಂದು, ಬಿ.ಪಿ.-ಶುಗರ್‌ಗೆ ಒಂದು, ಸರ್ವೆಗೆ ಮತ್ತೊಂದು ಅಂತ ಆ್ಯಪ್‌ಗಳ ಸಾಲೇ ಇರುತ್ತದೆ. ಪ್ರತಿಯೊಂದನ್ನು ಹಾಕಿಸುವಾಗಲೂ ಹೇಳುವ ಮಾತು ಒಂದೇ: "ಇದರಿಂದ ಜೀವ ಉಳಿತಾವ." ಉಳಿದಾವೇನು? ಎಷ್ಟು? ಎಣಿಸಿದವರು ಯಾರು? ಯಾವುದಕ್ಕೆ ಹೋಲಿಸಿ ಎಣಿಸಿದರು?

ನನ್ನ ತಕರಾರು ಫೋನಿನ ಮೇಲಲ್ಲ. "ಇದು ಸಾಬೀತಾಗಿದೆ" ಎಂಬ ಮಾತಿನ ಮೇಲೆ. ಯಾಕಂದರೆ ಸಾಬೀತು ಮಾಡಿ ನೋಡುವ ಕೆಲಸ ಬೇರೆಲ್ಲೋ ಅಮೆರಿಕದಲ್ಲಿ ಅಲ್ಲ, ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ನಡೆದಿದೆ. ಬಂದ ಉತ್ತರ ಮಾತ್ರ ಆ್ಯಪ್ ಮಾರುವವರಿಗೆ ಬೇಕಾದ ಉತ್ತರ ಅಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕಿನ ಚಾವಡಿ ಕಟ್ಟೆಗಳ ಮೇಲೆ ಆ ಉತ್ತರ ಎಷ್ಟು ಮಂದಿಗೆ ಗೊತ್ತಿದೆ?

ಅದರ ಹೆಸರು ಕ್ಲಿಪ್ ಪ್ರಯೋಗ. ಬಸುರಿಯರಿಗೆ ಬಿ.ಪಿ. ಏರಿ, ಮುಖ-ಕೈ ಬಾತು, ತಲೆ ಸಿಡಿದು, ಕಣ್ಣು ಮಂಜಾಗಿ, ಕೊನೆಗೆ ಫಿಟ್ಸ್ ಬಂದು ತಾಯಿ-ಕೂಸು ಇಬ್ಬರೂ ಹೋಗುವುದನ್ನು ನಮ್ಮ ಹಳ್ಳಿಗಳು ಕಂಡಿವೆ. ಇದನ್ನು ಮನೆ ಬಾಗಿಲಲ್ಲೇ ಹಿಡಿದರೆ ಹೇಗೆ ಎಂದು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಒಂದು ಮೊಬೈಲ್ ಆ್ಯಪ್ ಮಾಡಿದರು. ನಮ್ಮಲ್ಲಿ ಬೆಳಗಾವಿಯ ಕೆಎಲ್ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಕೈಜೋಡಿಸಿತು. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 12 ಪ್ರದೇಶಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನಲ್ಲಿ ಆಶಾ ಮತ್ತು ಎಎನ್ಎಂ ಸಿಸ್ಟರ್‌ಗಳು ಫೋನು, ಬಿ.ಪಿ. ಯಂತ್ರ, ಬೆರಳಿಗೆ ಹಾಕುವ ಆಕ್ಸಿಜನ್ ಕ್ಲಿಪ್ಪು ಹಿಡಿದು ಮನೆಗೆ ಹೋದರು. ಆ್ಯಪ್ ಅಪಾಯದ ಲೆಕ್ಕ ಹಾಕಿ ಹೇಳುತ್ತಿತ್ತು. ಅಗತ್ಯ ಬಿದ್ದರೆ ಬಿ.ಪಿ. ಗುಳಿಗೆ ಕೊಟ್ಟು, ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಹಾಕಿ, ದವಾಖಾನೆಗೆ ಕಳಿಸಬೇಕು. ಇನ್ನೊಂದು ಪಾಲಿನಲ್ಲಿ ಎಂದಿನ ಹಾಗೆ ತಾಯಿ ಕಾರ್ಡು, ಎಂದಿನ ತಪಾಸಣೆ. 2014ರ ಕೊನೆಯಿಂದ 2016ರವರೆಗೆ ಒಟ್ಟು 14,783 ಬಸುರಿಯರ ಲೆಕ್ಕ ಇಟ್ಟರು.

ಫಲಿತಾಂಶ ಅಚ್ಚಾದದ್ದು 2020ರಲ್ಲಿ. ತಾಯಿಯ, ಹೊಟ್ಟೆಯಲ್ಲಿನ ಕೂಸಿನ, ಹುಟ್ಟಿದ ಕೂಸಿನ ಸಾವು ಮತ್ತು ಗಂಭೀರ ಕಾಯಿಲೆ ಎಲ್ಲ ಸೇರಿಸಿ ನೋಡಿದರೆ, ಆ್ಯಪ್ ಇದ್ದ ಕಡೆಗೂ ಇಲ್ಲದ ಕಡೆಗೂ ನಂಬುವಂಥ ವ್ಯತ್ಯಾಸ ಕಾಣಲಿಲ್ಲ. ಇದೇ ಪ್ರಯೋಗ ಪಾಕಿಸ್ತಾನ ಮತ್ತು ಮೊಜಾಂಬಿಕ್‌ನಲ್ಲೂ ನಡೆದಿತ್ತು. ಮೂರೂ ದೇಶ ಕೂಡಿಸಿ 69,330 ಬಸುರಿಯರ ಲೆಕ್ಕ ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಲ್ಲೂ ಅದೇ ಉತ್ತರ.

ಒಂದು ಮಾತು ನೆಟ್ಟಗೆ ಹೇಳಿಬಿಡುತ್ತೇನೆ. ಈ ಪ್ರಯೋಗ ಮಾಡಿದವರ ಮೇಲೆ ನನಗೆ ಗೌರವ ಇದೆ. ಇಷ್ಟು ವರ್ಷ ದುಡಿದು "ನಾವು ಅಂದುಕೊಂಡಂತೆ ಆಗಲಿಲ್ಲ" ಎಂದು ಊರಿಗೆಲ್ಲ ಕಾಣುವಂತೆ ಅಚ್ಚು ಹಾಕಿಸುವುದಕ್ಕೆ ಎದೆ ಬೇಕು. ಸಿಟ್ಟು ಇರುವುದು ಆ ಉತ್ತರವನ್ನು ಪಕ್ಕಕ್ಕೆ ಸರಿಸಿ, ಮುಂದಿನ ಆ್ಯಪ್‌ಗೆ ರಿಬ್ಬನ್ ಕತ್ತರಿಸುವವರ ಮೇಲೆ.

ಅವರ ವಾದ ಏನು? "ಪ್ರಯೋಗದಲ್ಲೇ ನೋಡ್ರಿ, ಹೆಚ್ಚು ಸಲ ಭೇಟಿ ಆದ ಬಸುರಿಯರಲ್ಲಿ ಸತ್ತು ಹುಟ್ಟಿದ ಕೂಸುಗಳು ಕಡಿಮೆ. ಅಂದರ ಆ್ಯಪ್ ಕೆಲಸ ಮಾಡ್ತೈತಿ, ನಮ್ಮ ಮಂದಿ ನೆಟ್ಟಗ ಬಳಸಲಿಲ್ಲ ಅಷ್ಟ." ಆ ಅಂಕಿ ವರದಿಯಲ್ಲಿ ಇರುವುದು ನಿಜ. ಆದರೆ ಒಂದು ನಿಮಿಷ ಯೋಚನೆ ಮಾಡಿ. ಆರನೇ ತಿಂಗಳಿಗೇ ಕೂಸು ಕಳಕೊಂಡ ಹೆಣ್ಣುಮಗಳ ಮನೆಗೆ ಏಳನೇ, ಎಂಟನೇ, ಒಂಬತ್ತನೇ ತಿಂಗಳ ಭೇಟಿ ಆಗುವುದು ಹೇಗೆ? ದಿನ ತುಂಬಿದವರಿಗೆ ಭೇಟಿ ಹೆಚ್ಚು, ಭೇಟಿ ಹೆಚ್ಚಾದ್ದರಿಂದಲೇ ದಿನ ತುಂಬಿತು ಅನ್ನಲು ಬರುವುದಿಲ್ಲ. ಮೂರು ಸಲ ಕಳೆ ತೆಗೆದ ಹೊಲದಲ್ಲಿ ಬೆಳೆ ಚಲೋ ಇತ್ತು ಅನ್ನುವವರು, ಮೊದಲ ಕಳೆಗೇ ಬೆಳೆ ಒಣಗಿ ಹೋದ ಹೊಲವನ್ನು ಲೆಕ್ಕದಿಂದ ಬಿಟ್ಟಿರುತ್ತಾರೆ.

ಈ ತರಹದ ಅಧ್ಯಯನಗಳನ್ನೆಲ್ಲ ಒಂದು ಕಡೆ ಹಾಕಿ ತೂಗಿ, ಒಟ್ಟಾರೆ ಏನು ಹೇಳುತ್ತವೆ ಎಂದು ನೋಡುವುದಕ್ಕೆ ಪರಾಮರ್ಶೆ ಅನ್ನುತ್ತಾರೆ. ಸರಕಾರಗಳು ದುಡ್ಡು ಸುರಿಯುವ ಮುಂಚೆ ನೋಡಬೇಕಾದದ್ದು ಇದನ್ನೇ. ಕೇಳಲು ಸಲೀಸು, ಮಾಡಲು ಕಷ್ಟ. ಎಷ್ಟು ಕಷ್ಟ ಅನ್ನುವುದು ನಮಗೂ ಗೊತ್ತಿರಬೇಕು, ಯಾಕಂದರೆ ಆ ಸಂದುಗಳಲ್ಲೇ ಸುಳ್ಳು ನುಸುಳುವುದು.

ಮೊದಲನೆಯದು, ಚೀಲ ಒಂದೇ, ಕಾಳು ಹತ್ತು. ಎಸ್ಸೆಮ್ಮೆಸ್ಸೂ ಮೊಬೈಲ್ ಆರೋಗ್ಯವೇ, ಧ್ವನಿ ಕರೆಯೂ ಅದೇ, ಆಶಾ ಕೈಯಲ್ಲಿನ ಆ್ಯಪೂ ಅದೇ, ನರ್ಸ್ ಮುಂದಿನ ಟ್ಯಾಬ್ಲೆಟ್ಟೂ ಅದೇ. ಜೋಳ, ಹತ್ತಿ, ಶೇಂಗಾ ಒಂದೇ ಚೀಲಕ್ಕೆ ತುಂಬಿ ಬೈಲಹೊಂಗಲ ಮಾರ್ಕೆಟ್ಟಿಗೆ ಒಯ್ದು "ಏನ್ ರೇಟ್ರಿ?" ಎಂದರೆ ದಲಾಲಿ ಏನು ಹೇಳಿಯಾನು? 2013ರಲ್ಲಿ ಲಂಡನ್ನಿನ ಸಂಶೋಧಕರು ಆರೋಗ್ಯ ಸೇವೆ ಸುಧಾರಿಸಲು ಮೊಬೈಲ್ ಬಳಸಿದ 42 ಪ್ರಯೋಗಗಳನ್ನು ಕೂಡಿಸಿ ನೋಡಿದರು. ಪಕ್ಷಪಾತದ ಅಪಾಯ ಕಡಿಮೆ ಇದೆ ಎನ್ನಬಹುದಾದ ಪ್ರಯೋಗ ಆ 42ರಲ್ಲಿ ಒಂದೂ ಇರಲಿಲ್ಲ.

ಎರಡನೆಯದು ಹೋಲಿಕೆ. ಇದು ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸ ಬೀಜವನ್ನು ಎರೆ ಹೊಲಕ್ಕೆ ಹಾಕಿ, ಹಳೆ ಬೀಜವನ್ನು ಮಡ್ಡಿಗೆ ಹಾಕಿ, ಹೊಸ ಬೀಜ ಗೆದ್ದಿತು ಅಂದರೆ ನೀವು ನಗುತ್ತೀರಿ. ಹೋದ ವರ್ಷ ಬರ, ಈ ವರ್ಷ ಮಳೆ. ಈ ವರ್ಷದ ಬೀಜ ಚಲೋ ಅಂದರೂ ನಗುತ್ತೀರಿ. ಆದರೆ "ಆ್ಯಪ್ ಬಂದ ಮೇಲೆ ತಾಯಂದಿರ ಸಾವು ಕಡಿಮೆ ಆಯಿತು" ಎಂದಾಗ ಮಾತ್ರ ಚಪ್ಪಾಳೆ ಹೊಡೆಯುತ್ತೇವೆ.

ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ ತಾಯಂದಿರ ಸಾವು 2004-06ರಲ್ಲಿ 213 ಇತ್ತು. 2018-20ಕ್ಕೆ 69ಕ್ಕೆ ಇಳಿಯಿತು. 108 ಆಂಬುಲೆನ್ಸ್ ಬಂತು, ಮನೆ ಹೆರಿಗೆ ಕಡಿಮೆ ಆಯಿತು, ಆಶಾ ಬಂದಳು, ರಸ್ತೆ ಬಂತು, ಹೆಣ್ಣುಮಕ್ಕಳು ಶಾಲೆಗೆ ಹೋದರು. ಈ ಇಳಿಜಾರಿನಲ್ಲಿ ಯಾವ ವರ್ಷ ಯಾವ ಆ್ಯಪ್ ಬಿಟ್ಟರೂ ಅದು "ಯಶಸ್ವಿ"ಯೇ. ಕ್ಲಿಪ್ ಪ್ರಯೋಗದ ವರ್ಷಗಳೂ ಇದೇ ಇಳಿಜಾರಿನಲ್ಲಿವೆ. ಆ್ಯಪ್ ಇಲ್ಲದ ಊರುಗಳನ್ನು ಪಕ್ಕದಲ್ಲಿ ಇಟ್ಟು ನೋಡದೆ ಇದ್ದಿದ್ದರೆ, ಅದನ್ನೂ ಇವತ್ತು ಯಶೋಗಾಥೆ ಮಾಡಿ ಕ್ಯಾಲೆಂಡರ್ ಮೇಲೆ ಅಚ್ಚು ಹಾಕಬಹುದಿತ್ತು.

ಇನ್ನೊಂದು ಉದಾಹರಣೆ ನಮ್ಮ ರಾಜ್ಯದ್ದೇ. ಎಂವೆಲ್‌ಕೇರ್ ಎಂಬ ಪ್ರಯೋಗ. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ 3,698 ಬಿ.ಪಿ.-ಶುಗರ್ ರೋಗಿಗಳನ್ನು ಒಂದು ವರ್ಷ ನೋಡಿದರು. ಅರ್ಧ ಕೇಂದ್ರಗಳಲ್ಲಿ ನರ್ಸ್ ಕೈಗೆ ಸಲಹೆ ಕೊಡುವ ಟ್ಯಾಬ್ಲೆಟ್. ಉಳಿದ ಅರ್ಧದಲ್ಲಿ ಟ್ಯಾಬ್ಲೆಟ್ ಇಲ್ಲದೆ ತುಸು ಸುಧಾರಿಸಿದ ಎಂದಿನ ಚಿಕಿತ್ಸೆ. 2019ರಲ್ಲಿ ಫಲಿತಾಂಶ ಬಂತು: ಬಿ.ಪಿ. ಎರಡೂ ಕಡೆ ಇಳಿದಿತ್ತು, ಹೆಚ್ಚುಕಡಿಮೆ ಒಂದೇ ಸಮ. ಟ್ಯಾಬ್ಲೆಟ್ ಇದ್ದ ಕಡೆಯ ಅಂಕಿಯನ್ನಷ್ಟೇ ತೋರಿಸಿದ್ದರೆ ಎಂಥ ಚಂದದ ಪೋಸ್ಟರ್ ಆಗುತ್ತಿತ್ತು! ಎಂದಿನ ಚಿಕಿತ್ಸೆಯನ್ನು ತುಸು ನೆಟ್ಟಗೆ ಮಾಡಿದರೂ ಅಷ್ಟೇ ಫಲ ಎಂಬ ಸುದ್ದಿ ಮಾತ್ರ ಯಾವ ಪೋಸ್ಟರ್‌ನಲ್ಲೂ ಬರುವುದಿಲ್ಲ.

ಮೂರನೆಯ ತೊಡಕು ಸಣ್ಣ ಅಂಕಿಗಳದ್ದು. ಒಂದು ತಾಲೂಕಿನಲ್ಲಿ ವರ್ಷಕ್ಕೆ 5,000 ಹೆರಿಗೆ ಎಂದಿಟ್ಟುಕೊಳ್ಳಿ. ಲಕ್ಷಕ್ಕೆ 69ರ ಲೆಕ್ಕದಲ್ಲಿ ಸಾವು ಮೂರೋ ನಾಲ್ಕೋ. ಒಂದು ವರ್ಷ ಐದಾಗುತ್ತದೆ, ಮರುವರ್ಷ ಎರಡಾಗುತ್ತದೆ, ಯಾರೂ ಏನೂ ಮಾಡದೆಯೇ. ನಡುವೆ ಆ್ಯಪ್ ಬಂದಿದ್ದರೆ "ಸಾವಿನಲ್ಲಿ ಶೇಕಡಾ 60 ಇಳಿಕೆ!" ಲೆಕ್ಕ ತಪ್ಪಲ್ಲ, ಅರ್ಥ ಪೂರಾ ಸುಳ್ಳು.

ಅಂಕಿ ದೊಡ್ಡದಾದರೂ ನಿಶ್ಚಿಂತೆ ಇಲ್ಲ. ನಮ್ಮ ಗೋಕಾಕ ಸೇರಿ ಆಫ್ರಿಕಾ, ಭಾರತ, ಹೈಟಿಯ 10 ಕಡೆ ಕ್ರೇಡಲ್ ಎಂಬ ಯಂತ್ರದ ಪ್ರಯೋಗ ನಡೆಯಿತು. ಫೋನಲ್ಲ, ಆದರೆ ಅದೇ ವಿಚಾರ: ಬಿ.ಪಿ. ಹಿಡಿದು ಕೆಂಪು-ಹಳದಿ-ಹಸಿರು ದೀಪ ತೋರಿಸುವ ಯಂತ್ರ. ಐದು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ. ತಾಯಿಯ ಸಾವು, ಫಿಟ್ಸ್, ತುರ್ತಾಗಿ ಗರ್ಭಚೀಲ ತೆಗೆದದ್ದು, ಇವೆಲ್ಲ ಸೇರಿ 10,000 ಹೆರಿಗೆಗೆ ಸುಮಾರು 79 ಇದ್ದದ್ದು 73ಕ್ಕೆ ಇಳಿಯಿತು. ಶೇಕಡಾ 8 ಕಡಿಮೆ. ಇಲ್ಲಿಗೆ ನಿಲ್ಲಿಸಿದ್ದರೆ ಗೆಲುವು. ಆದರೆ ಕಾಲ ಕಳೆದಂತೆ ತಾನಾಗಿ ಆಗುವ ಏರಿಳಿತ, ಊರಿಂದ ಊರಿಗೆ ಇರುವ ವ್ಯತ್ಯಾಸ ಎಲ್ಲ ತೆಗೆದು ನೋಡಿದಾಗ, ಒಳಿತಾಯಿತೋ ಕೆಡುಕಾಯಿತೋ ಹೇಳಲಾಗುವುದಿಲ್ಲ ಎಂದು 2019ರಲ್ಲಿ ಸಂಶೋಧಕರೇ ಬರೆದರು. ಒಂದೇ ವರದಿ. ಒಬ್ಬ ಮೊದಲ ಸಾಲು ಓದಿ "ಗೆದ್ದಿತು" ಅನ್ನಬಹುದು, ಇನ್ನೊಬ್ಬ ಎರಡನೇ ಸಾಲು ಓದಿ "ಗೊತ್ತಿಲ್ಲ" ಅನ್ನಬಹುದು. ಪರಾಮರ್ಶೆ ಬರೆಯುವವರು ಯಾವ ಸಾಲು ಎತ್ತಿಕೊಳ್ಳುತ್ತಾರೆ ಎಂಬುದರ ಮೇಲೆ ನಮ್ಮ ಜಿಲ್ಲೆಗೆ ಬರುವ ದುಡ್ಡಿನ ದಾರಿ ನಿಂತಿರುತ್ತದೆ.

ಇನ್ನು ಲಂಡನ್ನಿನಲ್ಲಿ ಕೂತವರಿಗೆ ಸುಲಭಕ್ಕೆ ತಿಳಿಯದ, ನಮ್ಮ ಅವ್ವಂದಿರಿಗೆ ಥಟ್ಟನೆ ತಿಳಿಯುವ ಒಂದು ತೊಡಕಿದೆ: ತವರುಮನೆ. ಚೊಚ್ಚಲ ಹೆರಿಗೆ ತವರಲ್ಲಿ. ಗಂಡನ ಮನೆ ಬೈಲಹೊಂಗಲ ಕಡೆ, ತವರು ರಾಮದುರ್ಗ ಕಡೆ. ತಾಯಿ ಕಾರ್ಡ್ ಮಾಡಿಸಿದ್ದು ಇಲ್ಲಿ, ಕುಬಸ ಮುಗಿಸಿ ಹೋದದ್ದು ಅಲ್ಲಿಗೆ. ಆ್ಯಪ್ ಇದ್ದ ಊರಿನ ಬಸುರಿ ಆ್ಯಪ್ ಇಲ್ಲದ ಊರಲ್ಲಿ ಹೆರುತ್ತಾಳೆ. ಅವಳನ್ನು ಯಾವ ಪಾಲಿಗೆ ಸೇರಿಸುವುದು? ಬಿ.ಪಿ. ಏರುವುದು ಹೆಚ್ಚಾಗಿ ಕೊನೆಯ ತಿಂಗಳುಗಳಲ್ಲಿ, ಅದೂ ಚೊಚ್ಚಲದವರಲ್ಲೇ ಜಾಸ್ತಿ. ಅಂದರೆ ಯಾರನ್ನು ಹಿಡಿಯಲು ಆ್ಯಪ್ ಮಾಡಿದರೋ ಅವರೇ ಆ ಹೊತ್ತಿಗೆ ಊರಲ್ಲಿ ಇರುವುದಿಲ್ಲ. ಕಿತ್ತೂರು-ಸವದತ್ತಿಯವರಿಗೆ ಧಾರವಾಡ ಹತ್ತಿರ. ಕಷ್ಟ ಬಂದರೆ ಜಿಲ್ಲೆ ದಾಟಿ ಅಲ್ಲಿಗೇ ಓಡುತ್ತಾರೆ. ಬೆಳಗಾವಿಯ ಪೋರ್ಟಲ್‌ನಲ್ಲಿ ಅವರ ಸಾಲು ಖಾಲಿ. ಒಂದು ಪರಾಮರ್ಶೆ ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ: ತವರಿಗೆ ಹೋದವರ ಹಿಂದೆ ಹೋಗಿ ಕೇಳಿದರೋ, ಅಥವಾ "ಮಾಹಿತಿ ಲಭ್ಯವಿಲ್ಲ" ಎಂದು ಬರೆದು ಕೈತೊಳಕೊಂಡರೋ?

ಹಾಗೇ, ಫೋನು ಯಾರ ಕೈಯಲ್ಲಿದೆ ಎಂಬುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಫೋನು ಇದ್ದದ್ದು ನೂರಕ್ಕೆ 54 ಹೆಣ್ಣುಮಕ್ಕಳಿಗೆ ಮಾತ್ರ. ಬಸುರಿ-ಬಾಣಂತಿಯರಿಗೆ ವಾರವಾರ ಧ್ವನಿ ಸಂದೇಶ ಕಳಿಸುವ ಕಿಲ್ಕಾರಿ ಯೋಜನೆಯನ್ನು ಮಧ್ಯಪ್ರದೇಶದಲ್ಲಿ 5,095 ಮಹಿಳೆಯರ ಮೇಲೆ ಪರೀಕ್ಷಿಸಿದಾಗ, ಆರಿಸಿದ್ದೇ ಫೋನು ಸಿಗುವವರನ್ನು. ಅಲ್ಲೂ ಎದೆಹಾಲಿನ ವಿಷಯದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಕುಟುಂಬ ಯೋಜನೆಯ ತಾತ್ಕಾಲಿಕ ವಿಧಾನಗಳ ಬಳಕೆ ತುಸು ಹೆಚ್ಚಿತು. ಫೋನೇ ಕಾಣದ ಕೂಲಿ ಹೆಣ್ಣುಮಗಳು ಲೆಕ್ಕದ ಒಳಗೇ ಇಲ್ಲ.

"ಹಂಗಾದ್ರ ಫೋನು ಬ್ಯಾಡ ಅಂತೀರೇನು?" ಇಲ್ಲ. ಕೆನ್ಯಾ ದೇಶದಲ್ಲಿ ಎಚ್‌ಐವಿ ಔಷಧಿ ತಗೊಳ್ಳುವ 538 ಮಂದಿಯ ಮೇಲೆ ನಡೆದ ಪ್ರಯೋಗ ಗೆದ್ದಿತು. ಲ್ಯಾನ್ಸೆಟ್‌ನಲ್ಲಿ 2010ರಲ್ಲಿ ಬಂದದ್ದು. ಅವರಿಗೆ ವಾರಕ್ಕೊಂದು ಎಸ್ಸೆಮ್ಮೆಸ್ ಬರುತ್ತಿತ್ತು, ಅವರ ಭಾಷೆಯಲ್ಲಿ ಒಂದೇ ಶಬ್ದ: "ಮಾಂಬೊ?" ಹೇಗಿದ್ದೀರಿ ಎಂದು. ಚಲೋ ಇದ್ದರೆ ಒಂದು ಶಬ್ದ, ತ್ರಾಸು ಇದ್ದರೆ ಇನ್ನೊಂದು ಶಬ್ದ ವಾಪಸ್ ಕಳಿಸಬೇಕು. ತ್ರಾಸು ಎಂದವರಿಗೆ, ಉತ್ತರವೇ ಕೊಡದವರಿಗೆ ದವಾಖಾನೆಯಿಂದ ಮನುಷ್ಯರೇ ಫೋನು ಮಾಡುತ್ತಿದ್ದರು. ದಕ್ಷಿಣ ಭಾರತದಲ್ಲಿ ಅದೇ ಕಾಯಿಲೆಯ 631 ಮಂದಿಗೆ ವಾರಕ್ಕೊಮ್ಮೆ ಯಂತ್ರದ ಧ್ವನಿ ಕರೆ ಮತ್ತು ಒಂದು ಚಿತ್ರ ಸಂದೇಶ ಕಳಿಸಿ ನೋಡಿದರು. 2014ರಲ್ಲಿ ಫಲಿತಾಂಶ ಬಂತು: ವ್ಯತ್ಯಾಸ ಇಲ್ಲ. ಈಗ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ "ಮೊಬೈಲ್ ಸಂದೇಶದಿಂದ ಅರ್ಧಮರ್ಧ ಉಪಯೋಗ" ಎಂದು ಬರೆದರೆ ಯಾರಿಗೆ ಏನು ಉಪಯೋಗ? ಕೆನ್ಯಾದಲ್ಲಿ ಗೆದ್ದದ್ದು ಫೋನೋ, ಫೋನಿನ ಆಚೆ ಕೂತು ವಾಪಸ್ ಕರೆ ಮಾಡಿದ ನರ್ಸೋ? ನನ್ನ ಅನುಮಾನ ನರ್ಸ್ ಮೇಲಿದೆ. ನರ್ಸ್‌ಗೆ ಸಂಬಳ ಕೊಡಬೇಕಾಗುತ್ತದೆ, ಆ್ಯಪ್‌ಗೆ ಉದ್ಘಾಟನೆ ಮಾಡಿದರೆ ಸಾಕು. ಸರಕಾರಗಳಿಗೆ ಯಾವುದು ಇಷ್ಟ ಎಂದು ಬೇರೆ ಹೇಳಬೇಕೆ?

ಆ್ಯಪ್ ಪರವಾಗಿ ಕೊನೆಗೆ ಎಸೆಯುವ ದಾಳ ಒಂದಿದೆ: "ಅದೆಲ್ಲ ಹಳೇ ಕಾಲದ್ದು." ಜಿಯೋ ಸಿಮ್ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ, ಕ್ಲಿಪ್ ಪ್ರಯೋಗ ಮುಗಿಯುವ ಹೊತ್ತಿಗೆ. ವರದಿ ಅಚ್ಚಾಗುವಷ್ಟರಲ್ಲಿ ಹೊಲದಾಗ ಕುರಿ ಕಾಯುವವನ ಕೈಗೂ ಯೂಟ್ಯೂಬ್ ಬಂದಿತ್ತು. ಆದ್ದರಿಂದ ಹಳೆಯ ಸೋಲು ಈಗ ಲೆಕ್ಕಕ್ಕಿಲ್ಲವಂತೆ. ಸರಿ, ಒಪ್ಪೋಣ. ಹಾಗಿದ್ದರೆ ಹಳೆಯ ಗೆಲುವೂ ಲೆಕ್ಕಕ್ಕಿಲ್ಲ, ಹೊಸದಾಗಿ ಹೋಲಿಸಿ ನೋಡಬೇಕು. ಅವರು ಮಾಡುವುದು ಏನು? ಸೋಲನ್ನು ಹಳೆಯದೆಂದು ಬಿಟ್ಟು, ಅದಕ್ಕಿಂತ ಹಳೆಯದಾದ ಕೆನ್ಯಾದ ಗೆಲುವನ್ನು ಸ್ಲೈಡ್‌ನಲ್ಲಿ ತೋರಿಸುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಡಿಜಿಟಲ್ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಾಗ, ಇವು ನಡೆಯುವ ಆರೋಗ್ಯ ವ್ಯವಸ್ಥೆಯ ಬದಲಿಗೆ ಅಲ್ಲ ಎಂದು ಸ್ಪಷ್ಟವಾಗಿ ಎಚ್ಚರಿಸಿತ್ತು. ಆ್ಯಪ್ ಕೆಂಪು ತೋರಿಸಿದ ಮೇಲೆ ಬಸುರಿ ಹೋಗಬೇಕಾದದ್ದು ದವಾಖಾನೆಗೆ. ಅಲ್ಲಿ ರಾತ್ರಿ ಅರಿವಳಿಕೆ ಡಾಕ್ಟರ್ ಇದ್ದಾರೆಯೇ, ರಕ್ತ ಇದೆಯೇ? 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ರಾಜ್ಯವೆಲ್ಲ ಚರ್ಚಿಸಿದ್ದು ಅವರಿಗೆ ಹಾಕಿದ ಸಲೈನ್ ಬಾಟಲಿಯ ಬಗ್ಗೆ. ಕ್ಲಿಪ್ ಪ್ರಯೋಗದವರು ಬರೆದದ್ದೂ ಇದನ್ನೇ: ಊರ ಮಟ್ಟದ ಕೆಲಸ ಒಂದೇ ಸಾಲದು, ದವಾಖಾನೆಯೂ ಸುಧಾರಿಸಬೇಕು.

ಆಶಾಗಳ ಮಾತನ್ನೂ ಕೇಳಿ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತಾಗ ಅವರು ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ಜೊತೆಗೆ, ಪ್ರೋತ್ಸಾಹಧನವನ್ನು ಪೋರ್ಟಲ್‌ಗೆ ಗಂಟು ಹಾಕಬೇಡಿ ಎಂಬ ಬೇಡಿಕೆ. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ದುಡ್ಡಿಲ್ಲ. ಹೀಗೆ ದುಡ್ಡಿಗೆ ಕಟ್ಟಿದ ಅಂಕಿಗಳನ್ನೇ ಒಟ್ಟುಮಾಡಿ ಮುಂದೆ ಯಾರಾದರೂ "ಅಧ್ಯಯನ" ಬರೆದರೆ, ಅದನ್ನು ಎಷ್ಟು ನಂಬುವುದು? ಆ್ಯಪ್ ತುಂಬುವುದಕ್ಕೆ ಹೋದ ಗಂಟೆಗಳನ್ನು ಬಸುರಿಯ ಮನೆಯಲ್ಲಿ ಕಳೆದಿದ್ದರೆ ಏನಾಗುತ್ತಿತ್ತು ಎಂಬ ಹೋಲಿಕೆಯನ್ನೂ ಅದರಲ್ಲಿ ಮಾಡಿರಬೇಕಲ್ಲವೇ?

ಉಗಾಂಡಾ ಬಡ ದೇಶ. ಊರಿಗೊಂದು, ಸಂಸ್ಥೆಗೊಂದು ಅಂತ ಮೊಬೈಲ್ ಆರೋಗ್ಯ ಯೋಜನೆಗಳು ಅಣಬೆಯಂತೆ ಎದ್ದಾಗ ಅಲ್ಲಿನ ಆರೋಗ್ಯ ಇಲಾಖೆ 2012ರಲ್ಲಿ ಹೊಸದಕ್ಕೆಲ್ಲ ತಡೆ ಹಾಕಿತು. ಮೊದಲು ನಮ್ಮ ಒಪ್ಪಿಗೆ ಪಡೆಯಿರಿ, ನಮ್ಮ ವ್ಯವಸ್ಥೆಗೆ ಹೊಂದಿಸಿ, ಆಮೇಲೆ ಬನ್ನಿ ಎಂದಿತು. ಕರ್ನಾಟಕಕ್ಕೆ ಅಷ್ಟು ಧೈರ್ಯ ಇಲ್ಲವೇ? ಹೊಸ ಆ್ಯಪ್ ಬರುವುದಾದರೆ ಹತ್ತು ಪಿಎಚ್‌ಸಿಗೆ ಮೊದಲು ಕೊಡಿ, ಹತ್ತಕ್ಕೆ ಒಂದು ವರ್ಷ ತಡವಾಗಿ ಕೊಡಿ, ಯಾವ ಹತ್ತು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಹೇಗಿದ್ದರೂ ಒಂದೇ ದಿನ ಎಲ್ಲ ಕಡೆ ಕೊಡಲು ಆಗುವುದಿಲ್ಲ. ಆ ತಡವನ್ನೇ ಪರೀಕ್ಷೆ ಮಾಡಿಕೊಳ್ಳಿ. ಏನು ಎಣಿಸುತ್ತೇವೆ ಎಂಬುದನ್ನು ಮೊದಲೇ ಐಸಿಎಂಆರ್ ನಡೆಸುವ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಬರೆದಿಡಿ, ಆಮೇಲೆ ಗೋಲು ಕಂಬ ಸರಿಸಲು ಬಾರದ ಹಾಗೆ. ಡೌನ್‌ಲೋಡ್ ಎಷ್ಟು, ಸಂದೇಶ ಎಷ್ಟು ಎಂದು ಎಣಿಸಬೇಡಿ. ತಾಯಿ-ಕೂಸು ಎಣಿಸಿ, ತವರಿಗೆ ಹೋದವರನ್ನೂ ಬಿಡದೆ. ಬಂದ ಉತ್ತರವನ್ನು ಕನ್ನಡದಲ್ಲಿ, ಒಂದು ಪುಟದಲ್ಲಿ, ಗ್ರಾಮಸಭೆಯಲ್ಲಿ ಓದಿ ಹೇಳಿ. 14,783 ಬಸುರಿಯರು ತೋಳು ಚಾಚಿ ಬಿ.ಪಿ. ಹಿಡಿಸಿಕೊಂಡು ಕೊಟ್ಟ ಉತ್ತರ ಇಂಗ್ಲಿಷ್ ಪತ್ರಿಕೆಯಲ್ಲಿ ಮಾತ್ರ ಇದ್ದರೆ ಅದು ಅವರಿಗೆ ಸಂದ ಉತ್ತರ ಅಲ್ಲ.

ಇದನ್ನು ಕೇಳಲು ಡಾಕ್ಟರ್ ಆಗಬೇಕಿಲ್ಲ. ಊರಿನ ಆರೋಗ್ಯ, ನೈರ್ಮಲ್ಯ ಸಮಿತಿಯ ಸಭೆಯಲ್ಲಿ ಕೇಳಬಹುದು. ಅಲ್ಲಿ ಸಿಗದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ನಮ್ಮ ತಾಲೂಕಿನ ಆಶಾಗಳು ಈಗ ಬಳಸುತ್ತಿರುವ ಆ್ಯಪ್‌ಗಳು ಯಾವುವು, ಪ್ರತಿಯೊಂದಕ್ಕೆ ಖರ್ಚಾದ ದುಡ್ಡೆಷ್ಟು, ಅದರಿಂದ ಫಲ ಇದೆ ಎಂದು ತೋರಿಸಿದ ವರದಿಯ ಪ್ರತಿ ಕೊಡಿ. ಒಂದೇ ವಿಷಯ ಇರಲಿ, 150 ಪದ ದಾಟದಿರಲಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಉತ್ತರ ಬಂದರೆ ಫೋಟೊ ಹೊಡೆದು ನಮಗೂ ಕಳಿಸಿ. ವರದಿ ಇದ್ದರೆ ಕನ್ನಡಕ್ಕೆ ತಂದು ಇಲ್ಲೇ ಹಾಕುತ್ತೇವೆ. "ವರದಿ ಲಭ್ಯವಿಲ್ಲ" ಎಂದು ಬಂದರೆ ಅದನ್ನೂ ಹಾಕುತ್ತೇವೆ, ತಾಲೂಕಿನ ಹೆಸರು ಸಮೇತ.